ಧೊಂಡಿಬಾನ ಮೇಲೆ ತಿರುಗಿದ ಫಾರ್ ಲೂಪು

ನರಸಿಂಗನ ಮನೆ ಬೀದರಿನ ಮೈಲೂರಿನಲ್ಲಿ, ನೌಕರಿ ಔರಾದಿನಲ್ಲಿ. ಅಲ್ಲಿನ ಕುರಿ ಸಾಕಣೆದಾರರ ಸಂಘವೊಂದಕ್ಕೆ ಅವನು ಕಾರ್ಯದರ್ಶಿ. ದಿನವೂ ಬಸ್ಸಿನಲ್ಲಿ ಹೋಗುವುದು, ಬರುವುದು. ಅವನು ಯಾರ ತಂಟೆಗೂ ಹೋದವನಲ್ಲ, ಯಾರನ್ನೂ ನೋಯಿಸಿದವನಲ್ಲ. ಅವನಲ್ಲಿದ್ದ ಕೊರತೆ ಒಂದೇ. ‘ಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಹುಬ್ಬಳ್ಳಿಯ ರೈಲು ಎಷ್ಟು ಗಂಟೆಗೆ ಎಂದು ಕೇಳಿದರೂ ಸರಿ, ಚಂದ್ರನ ಮೇಲೆ ನೀರಿದೆಯೇ ಎಂದು ಕೇಳಿದರೂ ಸರಿ, ಉತ್ತರ ಸಿದ್ಧವಿರುತ್ತಿತ್ತು. ಆ ಉತ್ತರ ನಂಬಿ ರೈಲು ತಪ್ಪಿಸಿಕೊಂಡವರು ಇದ್ದಾರೆ. ಚಂದ್ರನ ಕಡೆಗೆ ಹೊರಟವರು ಸದ್ಯ ಯಾರೂ ಇಲ್ಲ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಬೀದರಿನಲ್ಲಿ ಎಲ್ಲ ಕುರಿ ಸಂಘಗಳ ಕಾರ್ಯದರ್ಶಿಗಳ ಸಭೆ ಸೇರಿತು. ಪಶುವೈದ್ಯಾಧಿಕಾರಿ ಡಾಕ್ಟರ್ ಜಹೀರೋದ್ದೀನ ಸಾಹೇಬರು ಸಿಟ್ಟಿನಲ್ಲಿದ್ದರು.

“ನೋಡ್ರಿ, ಲಸಿಕಿ ಒಮ್ಮಿ ಕಲಸಿದ್ರ ಮಧ್ಯಾಹ್ನದೊಳಗ ಖಾಲಿ ಆಗ್ಬೇಕು. ಹೋದ ಸಲ ಅರ್ಧಾ ಕುರಿ ಬರ್ಲೇ ಇಲ್ಲ. ಅಷ್ಟೂ ಔಷಧ ಮೋರಿಗಿ ಚೆಲ್ಲಿದ್ವಿ. ಈ ಸಲ ಗಡಿ ಆಚಿ ಕಡಿ ಬ್ಯಾನಿ ಶುರು ಆಗ್ಯದ. ಅದು ಇಲ್ಲಿಗಿ ಬಂತಂದ್ರ ಹಿಂಡಿಗಿ ಹಿಂಡೇ ಮಲಗ್ತಾವ. ಕುರಿಯೋರಿಗಿ ಸುದ್ದಿ ಹ್ಯಾಂಗ ಮುಟ್ಟಸ್ತೀರಿ, ಅದು ಹೇಳ್ರಿ ಮೊದಲ.”

ಒಬ್ಬರು ಆಟೋಕ್ಕೆ ಮೈಕು ಕಟ್ಟಿಸುತ್ತೇನೆ ಎಂದರು. ಇನ್ನೊಬ್ಬರು ಡಂಗುರ ಎಂದರು. ಸಾಹೇಬರ ಮುಖ ಇಬ್ಬರಿಗೂ ಅರಳಲಿಲ್ಲ. ಕಣ್ಣು ನರಸಿಂಗನ ಮೇಲೆ ಬಂತು. ನರಸಿಂಗನ ತಲೆಯಲ್ಲಿ ಆಗ ಇದ್ದದ್ದು ಬೆಳಿಗ್ಗೆ ಮಗಳು ಕರುಣಾ ಫೋನಿನಲ್ಲಿ ಹೇಳಿದ ಒಂದೇ ಮಾತು. ಅವಳು ಭಾಲ್ಕಿಯ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದಳು, ಅಲ್ಲೇ ಹಾಸ್ಟೆಲಿನಲ್ಲಿದ್ದಳು. ಆ ಮಾತು ತಾನಾಗಿ ಹೊರಗೆ ಬಂತು.

“ನಮ್ಮಲ್ಲಿ ಫಾರ್ ಲೂಪ್ ಅದರಿ ಸಾಹೇಬ್ರ.”

ಗೊತ್ತಿಲ್ಲದವರು ಗೊತ್ತಿರುವವರ ಮುಖ ನೋಡಿದರು. ಗೊತ್ತಿರುವವರು ಯಾರೂ ಇಲ್ಲದ್ದರಿಂದ ಎಲ್ಲರೂ ಎಲ್ಲರ ಮುಖ ನೋಡಿದಂತಾಯಿತು. ಡಾಕ್ಟರ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

“ಹಾಂ, ಫಾರ್ ಲೂಪ್. ಒಳ್ಳೇದದ, ಒಳ್ಳೇದದ. ಚಾಲೂ ಕಂಡೀಷನ್‌ದಾಗ ಅದನ?”

“ಪೂರಾ ಚಾಲೂ ಅದರಿ. ಜರಾ ಸರ್ವಿಸಿಂಗ್ ಬಾಕಿ.”

“ಹಾಂಗಾದ್ರ ಔರಾದಿನ ಚಿಂತಿ ನನಗಿಲ್ಲ,” ಎಂದು ಸಾಹೇಬರು ಮುಂದಿನ ಹೆಸರಿಗೆ ಹೋದರು. ಉಳಿದ ಕಾರ್ಯದರ್ಶಿಗಳು ಚಹಾದ ಹೊತ್ತಿನಲ್ಲಿ ನರಸಿಂಗನನ್ನು ಮುತ್ತಿಕೊಂಡು, ಅದು ಕರೆಂಟಿನದೋ ಡೀಸೆಲ್ಲಿನದೋ ಎಂದು ವಿಚಾರಿಸಿದರು. ಎರಡರ ಮೇಲೂ ನಡೆಯುತ್ತದೆ ಎಂದು ನರಸಿಂಗ ಹೇಳಿದ.

ಭಾನುವಾರ ಕರುಣಾ ಮನೆಗೆ ಬಂದಳು. ಅಪ್ಪ ಬಾಗಿಲಲ್ಲೇ ಅವಳ ಚೀಲ ಇಸಿದುಕೊಂಡ. ಇದು ಹಿಂದೆಂದೂ ನಡೆಯದ ಸಂಗತಿಯಾದ್ದರಿಂದ ಕರುಣಾಳಿಗೆ ಗಾಬರಿಯಾಯಿತು.

“ಪಪ್ಪಾ, ಏನ್ ಮಾಡಿ ಬಂದೀರಿ?”

“ಏನಿಲ್ಲವ್ವ. ಆ ಫಾರ್ ಲೂಪ್ ಜರಾ ನಮ್ಮ ಆಫೀಸಿಗಿ ಬೇಕಾಗಿತ್ತು. ನೀವೇನ್ ಅದು ಭಾಳ ಬಳಸೋದಿಲ್ಲಲ್ಲ?”

ವಿಷಯವೆಲ್ಲ ಹೊರಬಂದ ಮೇಲೆ ಕರುಣಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ತಾಯಿ ಕೌಸಲ್ಯಾಬಾಯಿ ನಗಲಿಲ್ಲ. ಗಂಡ ಸಭೆಯಲ್ಲಿ ಬಾಯಿ ಬಿಟ್ಟಾಗಲೆಲ್ಲ ಅದರ ಬಿಸಿ ತನ್ನ ಒಲೆಯ ತನಕ ಬರುವುದು ಅವಳಿಗೆ ಗೊತ್ತಿತ್ತು. ಆದರೆ ಕರುಣಾ ಒಳ್ಳೆಯ ಹುಡುಗಿ. ಲ್ಯಾಪ್‌ಟಾಪು ತೆಗೆದಳು.

“ನೋಡ್ರಿ ಪಪ್ಪಾ. ಒಂದು ಪಟ್ಟಿ ಅದ ಅಂದ್ಕೋರಿ. ಲೂಪ್ ಆ ಪಟ್ಟಿಯಿಂದ ಒಂದು ಹೆಸರು ತಗೋತದ, ಅವ್ರಿಗಿ ಮೆಸೇಜ್ ಕಳಸೋ ಕೆಲಸ ಒಂದ್ ಕಡಿ ಹಚ್ಚಿ ಬಿಡ್ತದ, ಮತ್ತ ಮುಂದಿನ ಹೆಸರಿಗಿ ಹೋಗ್ತದ. ಪಟ್ಟಿ ಮುಗೀತು, ಲೂಪ್ ನಿಂತ್ತು.”

“ಯಾರು ತಗೋತಾರ?”

“ಲೂಪ್.”

“ಲೂಪ್ ಅಂದ್ರ ಯಾರು? ಅಂವ ನಮ್ಮ ಆಫೀಸಿಗಿ ದಿನಾ ಬರ್ಬೇಕೇನು?”

“ಅಂವ ಅಲ್ಲ ಪಪ್ಪಾ, ಅದು. ನಾ ಬರೆದ ನಾಕು ಸಾಲು. ಇವು ಹಾಂಗೇ ಯಂತ್ರಕ್ಕ ತಿಳಿಯೋದಿಲ್ಲ. ಕಂಪೈಲರ್ ಅಂತ ಒಂದದ. ಅದು ಇದೆಲ್ಲಾ ಮೊದಲ ಪೂರ್ತಿ ಓದಿ, ಯಂತ್ರದ ಮಾತಿಗಿ ತರ್ಜುಮೆ ಮಾಡಿ ಕೊಡ್ತದ. ಆಮ್ಯಾಲ ಅದನ್ನ ಓಡಸೋದು.”

“ಇದು ಯಾವ ಭಾಷಾ?”

“ಗೋ.”

ನರಸಿಂಗ ಗಂಭೀರನಾದ. “ಕುರಿ ಸಂಘದಾಗ ಗೋ ಅಂದ್ರ ಮಂದಿ ಏನ್ ತಿಳ್ಕೋತಾರವ್ವ? ಸದಸ್ಯರು ಎದ್ದು ನಿಂದರ್ತಾರ. ಕುರಿಗಿ ಹೊಂದೋದು ಬ್ಯಾರೆ ಯಾವ್ದೂ ಇಲ್ಲೇನು?”

ಪರೀಕ್ಷೆಗೆಂದು ಕರುಣಾ ನೆಂಟರ ಹೆಸರುಗಳನ್ನೇ ಹಾಕಿದಳು. ಒಂದು ಗುಂಡಿ ಒತ್ತಿದ್ದೇ ತಡ, ಅತ್ತೆ, ಚಿಕ್ಕಪ್ಪ, ಮಾವ, ಎಲ್ಲರ ಹೆಸರೂ ಸರಸರನೆ ಪರದೆಯ ಮೇಲೆ ಬಂದವು. ಒಬ್ಬರೂ ಬಿಟ್ಟುಹೋಗಲಿಲ್ಲ, ಒಬ್ಬರೂ ಎರಡು ಸಲ ಬರಲಿಲ್ಲ. ನರಸಿಂಗ ಚಪ್ಪಾಳೆ ತಟ್ಟಿದ. ಕೌಸಲ್ಯಾಬಾಯಿ ಕಣ್ಣು ಸಣ್ಣಗೆ ಮಾಡಿ ನೋಡಿದಳು.

“ನಿಮ್ಮ ತಂಗಿ ಮೊದಲ, ನಮ್ಮ ತಮ್ಮ ನಾಗಸೇನ ಎಲ್ಲಾರಕಿಂತ ಕೊನೀಗಿ. ಇದನ್ನೂ ಯಂತ್ರಕ್ಕ ಕಲಿಸಿ ಬಿಟ್ರಿ?”

ಅದನ್ನು ಸಮಾಧಾನ ಮಾಡುವುದರಲ್ಲಿ ಭಾನುವಾರ ಮುಗಿಯಿತು. ಕರುಣಾ ಪ್ರೋಗ್ರಾಮನ್ನೂ, ಅದರ ಜೊತೆಗೆ ಕಂಪೈಲರನ್ನೂ ಒಂದು ಪೆನ್‌ಡ್ರೈವಿಗೆ ಹಾಕಿಕೊಟ್ಟಳು. “ಪಪ್ಪಾ, ಲಕ್ಷ್ಯ ಕೊಟ್ಟು ಕೇಳ್ರಿ. ಮೊದಲ ಈ ಕಂಪೈಲರ್ ಆಫೀಸಿನ ಕಂಪ್ಯೂಟರಿಗಿ ಹಾಕ್ರಿ. ಆಮ್ಯಾಲ ಪ್ರೋಗ್ರಾಮ್ ಓಡಸ್ರಿ.” ಹೇಗೆ ಎಂಬುದನ್ನೂ ತೋರಿಸಿದಳು. ನರಸಿಂಗ ಎಲ್ಲಕ್ಕೂ ತಲೆಯಾಡಿಸಿದ. ಅವನ ತಲೆ ಆಡುವುದಕ್ಕೂ ಒಳಗೆ ಏನಾದರೂ ಇಳಿಯುವುದಕ್ಕೂ ಸಂಬಂಧವಿಲ್ಲ ಎಂಬುದನ್ನು ಮಗಳು ಇನ್ನೂ ಅರಿತಿರಲಿಲ್ಲ.

ಸಂಘದ ಕಂಪ್ಯೂಟರು ಔರಾದಿನಲ್ಲೇ ಮುಚ್ಚಿಹೋದ ಒಂದು ತರಬೇತಿ ಕೇಂದ್ರದಿಂದ ಬಂದದ್ದು. ಲಸಿಕೆಯ ಹಿಂದಿನ ದಿನ ಮಧ್ಯಾಹ್ನ ನರಸಿಂಗ ಅದನ್ನು ಚಾಲೂ ಮಾಡಿ ನೋಡಿದರೆ, ಆಶ್ಚರ್ಯ! ಗೋ ಕಂಪೈಲರು ಅದರಲ್ಲಿ ಆಗಲೇ ಇತ್ತು. ತರಬೇತಿ ಕೇಂದ್ರದವರು ಯಾವ ಕಾಲದಲ್ಲೋ ಹಾಕಿ ಬಿಟ್ಟಿದ್ದು. ಮನೆಯಲ್ಲಿ ಉಪ್ಪಿರುವಾಗ ಯಾರಾದರೂ ಮತ್ತೆ ಉಪ್ಪು ತರುತ್ತಾರೆಯೇ? ಇದ್ದದ್ದರಲ್ಲೇ ಕೆಲಸ ಸಾಗಿಸಿದರಾಯಿತು ಎಂದು ನರಸಿಂಗ ನಿರ್ಧರಿಸಿದ. ಅವನು ಜೀವನದಲ್ಲಿ ಮಾಡಿದ ಉಳಿತಾಯಗಳಲ್ಲೆಲ್ಲ ಇದೇ ದುಬಾರಿಯಾಯಿತು.

ಇನ್ನು ಸಂದೇಶದ ಮಾತು. ಕರುಣಾ ‘ನಾಳೆ ಕುರಿಗಳಿಗೆ ಲಸಿಕೆ ಹಾಕುತ್ತಾರೆ, ಕರೆತನ್ನಿ’ ಎಂದು ಬರೆದುಕೊಟ್ಟಿದ್ದಳು. ಇದು ನರಸಿಂಗನಿಗೆ ತೀರ ಮನೆಮಾತಾಗಿ ಕಂಡಿತು. ಕಚೇರಿ ಎಂದ ಮೇಲೆ ಕಚೇರಿಯ ಗತ್ತು ಬೇಡವೇ? ಅವನು ಹೀಗೆ ತಿದ್ದಿದ: ‘ಮಾನ್ಯ ಇಂಥವರೇ, ನಾಳೆ ಮುಂಜಾನೆ ತಾವು ತಮ್ಮ ಸಮಸ್ತ ಕುರಿಗಳ ಸಮೇತ ಸಂಘದ ಅಂಗಳದಲ್ಲಿ ಕಡ್ಡಾಯವಾಗಿ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆ.’ ಜಾಗ ಸಾಲದೆ ಬಂದಾಗ ಲಸಿಕೆ ಎಂಬ ಮಾತನ್ನು ತೆಗೆದ. ‘ತಕ್ಕದ್ದು’ ಎಂಬುದನ್ನು ತೆಗೆಯಲು ಮನಸ್ಸಾಗಲಿಲ್ಲ.

ಕಂಪೈಲರು ಒಂದು ತಕರಾರೂ ಹೇಳದೆ ಎಲ್ಲವನ್ನೂ ಒಪ್ಪಿಕೊಂಡಿತು. ಇಂಥವರ ಜಾಗದಲ್ಲಿ ಸದಸ್ಯರ ಹೆಸರನ್ನು ಪ್ರೋಗ್ರಾಮೇ ತುಂಬಿಕೊಂಡು ಕಳಿಸಬೇಕು. ಪಟ್ಟಿಯಲ್ಲಿ ಸುಮಾರು ಮುನ್ನೂರು ಮಂದಿ. ನರಸಿಂಗ ಗುಂಡಿ ಒತ್ತಿದ. ಅಷ್ಟೂ ಸಂದೇಶ ಹೋಯಿತು ಎಂದು ಪರದೆ ಹೇಳಿತು. ನರಸಿಂಗ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿ, ಸಂಜೆಯ ಬಸ್ಸಿಗೆ ಬೀದರಿಗೆ ಹೋಗಿ, ಹೊಟ್ಟೆ ತುಂಬ ಉಂಡ.

ಧೊಂಡಿಬಾನ ಮನೆ ಔರಾದಿನ ಅಂಚಿನಲ್ಲಿ, ಹೊಲಗಳು ಶುರುವಾಗುವ ಕಡೆ. ತಲೆತಲಾಂತರದಿಂದ ಕುರಿ ಕಾಯುವ ಮನೆತನ. ಧೊಂಡಿಬಾ ಸಂಘಕ್ಕೆ ಎಲ್ಲರಿಗಿಂತ ತಡವಾಗಿ ಸೇರಿದ್ದ, ಹೀಗಾಗಿ ಪಟ್ಟಿಯಲ್ಲಿ ಅವನ ಹೆಸರೇ ಕೊನೆಯದು. ಆ ಮಧ್ಯಾಹ್ನ ಅವನು ಬೇವಿನ ನೆರಳಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದಾಗ ಅಂಗಿಯ ಕಿಸೆಯಲ್ಲಿ ಫೋನು ಟಣ್ ಎಂದಿತು. ಮಗಳು ಸರಿತಾಳನ್ನು ಕರೆದು ಓದಿಸಿದ. ಅವಳು ಓದುತ್ತಿರುವಾಗಲೇ ಇನ್ನೊಂದು ಟಣ್. ಅದನ್ನು ಓದುವಷ್ಟರಲ್ಲಿ ಟಣ್ ಟಣ್. ಆಮೇಲೆ ಫೋನಿಗೆ ಉಸಿರು ಬಿಡಲೂ ಪುರುಸೊತ್ತಾಗಲಿಲ್ಲ.

“ಎಲ್ಲಾ ಒಂದೇ ಅವ ಅಪ್ಪಾ,” ಎಂದಳು ಸರಿತಾ. “ಮಾನ್ಯ ಧೊಂಡಿಬಾ ಅವರೇ, ಸಮಸ್ತ ಕುರಿಗಳ ಸಮೇತ...”

“ಸಮಸ್ತ ಅಂದ್ರ?”

“ಎಲ್ಲಾ. ಒಂದೂ ಬಿಡದಾಂಗ.”

“ಪರಿಣಾಮ ಅಂದ್ರ?”

ಸರಿತಾ ಹತ್ತನೆಯ ಇಯತ್ತೆ ಪಾಸಾದವಳು. ಸ್ವಲ್ಪ ಯೋಚಿಸಿ, “ಅದೇನೋ ಒಳ್ಳೇದಲ್ಲಪ್ಪ,” ಎಂದಳು.

ಧೊಂಡಿಬಾನ ಹೆಂಡತಿ ಗಂಗುಬಾಯಿ ಒಳಗಿಂದ ಬಂದಳು. ಫೋನು ಬಿಸಿಯಾಗಿ ಕೈಯಲ್ಲಿ ಹಿಡಿಯಲಾಗದೆ ಅದನ್ನು ತಾಟಿನಲ್ಲಿಟ್ಟಿದ್ದರು. ತಾಟಿನಲ್ಲೂ ಅದು ಕುಣಿಯುತ್ತಿತ್ತು. ಒಂದು ಸಲ ಕರೆದರೆ ಕೆಲಸಕ್ಕೆ ಕರೆದಂತೆ, ಎರಡು ಸಲ ಕರೆದರೆ ಮರೆತು ಕರೆದಂತೆ, ಇದು ಯಾವ ಲೆಕ್ಕ? ಗಂಗುಬಾಯಿ ತೀರ್ಮಾನ ಹೇಳಿದಳು. “ಸರ್ಕಾರದವರು ಕುರಿ ಎಳಕೊಂಡು ಹೋಗ್ಲತ್ತಾರ. ನಿನ್ನ ಮ್ಯಾಲೇ ಕಣ್ಣು ಬಿದ್ದದ. ನೀ ಕುರಿ ಹೊಡಕೊಂಡು ಕಮಲನಗರದ ಕಡಿ ನಡಿ. ಅಲ್ಲಿ ನನ್ನ ಅಣ್ಣ ಹಾನ. ಆಗ್ಲಿಲ್ಲಂದ್ರ ಹಾಂಗೇ ಗಡಿ ದಾಟು. ಅವರ ಸರ್ಕಾರಕ್ಕ ನಿನ್ನ ಹೆಸರು ಗೊತ್ತಿಲ್ಲ.”

ಹೊತ್ತು ಮುಳುಗುವ ಮುಂಚೆ ಧೊಂಡಿಬಾ, ಅವನ ನಾಯಿ, ಅವನ ಸಮಸ್ತ ಕುರಿಗಳು ಕಮಲನಗರದ ದಾರಿ ಹಿಡಿದಿದ್ದವು. ಫೋನನ್ನು ಬಿಟ್ಟು ಹೋಗಲು ಅವನಿಗೆ ಧೈರ್ಯವಾಗಲಿಲ್ಲ. ಬಿಟ್ಟರೆ ಅದಕ್ಕೂ ಪರಿಣಾಮ ಇರಬಹುದು. ಪಂಚೆಯ ಗಂಟಿನಲ್ಲಿ ಕಟ್ಟಿಕೊಂಡ. ಅದು ಅಲ್ಲಿಯೂ ಟಣ್ ಎನ್ನುತ್ತಿತ್ತು.

ಮರುದಿನ ಬೆಳಿಗ್ಗೆ ನರಸಿಂಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್ಸಿಳಿದ. ಅಂಗಳದ ತುಂಬ ಕುರಿಗಳಿರುತ್ತವೆ, ಸಾಹೇಬರು ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದ. ಅಂಗಳದಲ್ಲಿ ಇದ್ದವರು ಇಬ್ಬರೇ. ಒಬ್ಬಳು ಗಂಗುಬಾಯಿ. ಇನ್ನೊಬ್ಬ ಔರಾದ್ ಠಾಣೆಯ ಪೇದೆ ಬಾಬುಮಿಯಾ.

ಗಂಗುಬಾಯಿ ಬೆಳಿಗ್ಗೆ ಗಂಡನಿಗೆ ಫೋನು ಹಚ್ಚಿದ್ದಳು. ಮುನ್ನೂರು ಸಲ ಕುಣಿದ ಫೋನು ಸುಸ್ತಾಗಿ ಸತ್ತು ಬಿದ್ದಿತ್ತು. ಗಂಡ ಸಿಗದಿದ್ದಾಗ, ತಾನೇ ಓಡಿಸಿದ್ದು ಎಂಬುದನ್ನು ಪಕ್ಕಕ್ಕಿಟ್ಟು, ಠಾಣೆಗೆ ಹೋಗಿ ನಿಂತಿದ್ದಳು.

“ಸೆಕ್ರೆಟ್ರಿ ಸಾಬ್,” ಎಂದ ಬಾಬುಮಿಯಾ, “ಈ ಗಂಗುಬಾಯಿಯ ಗಂಡಗ ನೀವು ನಿನ್ನಿ ಧಮಕಿ ಕೊಟ್ಟೀರಂತ. ಒಂದ್ ಸಲ ಅಲ್ಲ, ಸಂಜಿತನಕ.”

“ಧಮಕಿ? ನಾನು ಎಲ್ಲಾ ಸದಸ್ಯರಿಗೂ ಒಂದೊಂದೇ ಕಳಿಸೇನ್ರಿ!”

“ಯಾರಿಗೂ ಬಂದಿಲ್ಲ. ನಾ ದಾರಿ ತುಂಬಾ ಕೇಳಕೊಂಡೇ ಬಂದೇನಿ. ಎಲ್ಲಾ ಧೊಂಡಿಬಾನ ಫೋನಿಗೇ ಬಂದಾವ.”

ಏನಾಯಿತೆಂದು ಗೊತ್ತಿಲ್ಲ ಎಂದು ನರಸಿಂಗ ಹೇಳಬಹುದಿತ್ತು. ಆ ಮಾತು ಬಾಯಿಗೆ ಬರುವುದಿಲ್ಲವಲ್ಲ! ಹೀಗಾಗಿ ವಿವರಿಸಲು ಹೊರಟ.

“ಅದು ಹ್ಯಾಂಗಂದ್ರ ಅಕ್ಕಾ, ನಿಮ್ಮ ಗಂಡ ಲೂಪಿನ್ಯಾಗ ಸಿಕ್ಕಾರ.”

“ಅಯ್ಯಯ್ಯೋ!” ಗಂಗುಬಾಯಿ ಎದೆ ಬಡಿದುಕೊಂಡಳು. “ಲೂಟಿನ್ಯಾಗ ಸಿಕ್ಕಾರಂತ! ನನ್ನ ಗಂಡಗ ಲೂಟ್ ಮಾಡ್ಯಾರಂತ!”

“ಲೂಟ್ ಅಲ್ಲಕ್ಕಾ, ಲೂಪ್! ಫಾರ್ ಲೂಪ್!”

“ಫರಾರ್ ಲೂಟ್!” ಬಾಬುಮಿಯಾ ತಟ್ಟನೆ ನೆಟ್ಟಗಾದ. “ಅಂದ್ರ ಲೂಟ್ ಮಾಡಿ ಫರಾರ್ ಆಗ್ಯಾರ. ಎಷ್ಟು ಮಂದಿ ಇದ್ರು?”

“ಮಂದಿ ಇಲ್ರಿ, ಅದು ಗೋ ಭಾಷಾದಾಗ...”

“ಇದರಾಗ ಗೋವೂ ಅದನ?” ಬಾಬುಮಿಯಾನ ಧ್ವನಿ ಇಳಿಯಿತು. ಅತ್ತಿತ್ತ ನೋಡಿದ. “ಸಾಬ್, ಕುರಿ ತನಕ ನಾ ನೋಡ್ಕೋತೇನಿ. ಗೋ ಅಂದ್ರ ದೊಡ್ಡ ಸಾಹೇಬ್ರಿಗಿ ಹೇಳ್ಬೇಕಾಗ್ತದ. ತಿಳದು ಮಾತಾಡ್ರಿ.”

ಗಂಗುಬಾಯಿಯ ಅಳುವಿಗೆ ಎದುರಿನ ಚಹಾದಂಗಡಿಯವರೆಲ್ಲ ಬಂದು ನಿಂತರು. ಧೊಂಡಿಬಾನನ್ನು ಲೂಟಿ ಮಾಡಲಾಗಿದೆ, ಲೂಟಿಯಲ್ಲಿ ಒಂದು ಕಂಪ್ಯೂಟರಿನ ಕೈವಾಡವಿದೆ ಎಂಬ ಸುದ್ದಿ ಬಸ್ ನಿಲ್ದಾಣದ ಕಡೆಗೆ ಹೊರಟಿತು. ನರಸಿಂಗ ಭಾಲ್ಕಿಗೆ ಫೋನು ಮಾಡಿದ. ಕರುಣಾ ಲ್ಯಾಬಿನಿಂದ ಹೊರಗೆ ಬಂದು ಎತ್ತಿದಳು. ಬಾಬುಮಿಯಾನ ಆಜ್ಞೆಯಂತೆ ಸ್ಪೀಕರ್ ಹಾಕಲಾಯಿತು.

ಎಲ್ಲ ಕೇಳಿ ಅವಳು ಒಂದೇ ಪ್ರಶ್ನೆ ಕೇಳಿದಳು. “ಪಪ್ಪಾ, ನಾ ಕೊಟ್ಟ ಕಂಪೈಲರ್ ಹಾಕಿದ್ರೋ ಇಲ್ಲೋ?”

“ಇಲ್ಲೇ ಒಂದು ಇತ್ತವ್ವ. ಅದೇ ಗೋ. ಅದಕ್ಕ...”

ಫೋನಿನಲ್ಲಿ ಒಂದು ದೊಡ್ಡ ನಿಟ್ಟುಸಿರು ಬಂತು. “ಪಪ್ಪಾ, ಅದು ಹಳೇದು. ಹಳೇ ಕಂಪೈಲರಿನ್ಯಾಗ ಲೂಪ್ ಪೂರ್ತಿ ತಿರುಗೋತನಕ ಹೆಸರು ಇಡೋ ಜಾಗ ಒಂದೇ ಇರ್ತದ. ಹೊಸ ಹೆಸರು ಬಂತಂದ್ರ ಹಳೇದು ಅಳಿಸಿ ಅಲ್ಲೇ ಬರೀತದ. ಕಳಸೋ ಕೆಲಸ ನಾ ಬ್ಯಾರೆ ಹಚ್ಚಿದ್ದೆ, ಅವು ಜರಾ ತಡಾ ಮಾಡಿ ಶುರು ಆಗ್ತಾವ. ಅವು ಬಂದು ಆ ಜಾಗ ನೋಡೋದ್ರಾಗ ಲೂಪ್ ಮುಗಿದೇ ಹೋಗಿರ್ತದ. ಅಲ್ಲಿ ಉಳಿದಿದ್ದು ಕೊನೀ ಹೆಸರು ಒಂದೇ. ಎಲ್ಲಾವೂ ಅದನ್ನೇ ಓದಿ ಅವರಿಗೇ ಕಳಸ್ತಾವ.”

“ಮನ್ಯಾಗ ಬರೋಬರ್ ಬಂತಲ್ಲವ್ವ?”

“ಮನ್ಯಾಗಿಂದು ಹೊಸ ಕಂಪೈಲರ್. ಅದರಾಗ ಪ್ರತಿ ಸುತ್ತಿಗೂ ಹೊಸ ಜಾಗ. ಒಬ್ಬರ ಹೆಸರಿನ ಮ್ಯಾಲ ಇನ್ನೊಬ್ಬರ ಹೆಸರು ಕೂಡೋದಿಲ್ಲ.”

ಬಾಬುಮಿಯಾ ಟೋಪಿ ಹಿಂದೆ ಸರಿಸಿ ತಲೆ ಕೆರೆದುಕೊಂಡ. “ಬೇಟಿ, ನಾ ಪೇದೆ ಮಾತಾಡ್ಲತ್ತೇನಿ. ಬರದಿದ್ದು ಅದೇ ನಾಕು ಸಾಲು. ಬೀದರದಾಗ ಒಂದ್ ಕಾನೂನು, ಔರಾದದಾಗ ಒಂದ್ ಕಾನೂನು, ಹಿಂಗ ಅಂತೀಯೇನು?”

“ಹಾಂಗೇ ಅಂದ್ಕೋರಿ ಅಂಕಲ್.”

“ಆದ್ರ ಅದು ಏನೂ ತಪ್ಪು ಅಂತ ತೋರಸ್ಲಿಲ್ಲಲ್ಲವ್ವ!” ಎಂದ ನರಸಿಂಗ, ಕೊನೆಯ ಆಸರೆ ಹಿಡಿದವನಂತೆ.

“ತಪ್ಪಿಲ್ಲ ಪಪ್ಪಾ. ಆ ಭಾಷಾದ ನಿಯಮದ ಪ್ರಕಾರ ಅದು ಬರೋಬರೇ ಅದ.”

“ಬರೋಬರ್ ಇದ್ರ ನನ್ನ ಗಂಡ ಎಲ್ಲಿ?” ಎಂದು ಗಂಗುಬಾಯಿ ಫೋನಿಗೇ ಕೈ ಹಾಕಿದಳು. ಅತ್ತ ಕರುಣಾಳ ಕಾಲೇಜಿನ ಗಂಟೆ ಬಾರಿಸಿತು, ಅವಳು ಒಳಗೆ ಹೋದಳು.

ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಪಶುವೈದ್ಯರ ಜೀಪು ಕಾಣಿಸಿತು. ಹಿಂದೆ ಲಸಿಕೆಯ ಐಸ್ ಪೆಟ್ಟಿಗೆಗಳು. ಅಂಗಳದಲ್ಲಿ ಒಂದು ಕುರಿಯಿಲ್ಲ, ಕುರಿಯ ಹಿಕ್ಕೆಯೂ ಇಲ್ಲ. ನರಸಿಂಗ ಕಂಪ್ಯೂಟರಿನ ಮೇಜಿನ ಕೆಳಗೆ ಎಷ್ಟು ಜಾಗವಿದೆ ಎಂದು ಒಮ್ಮೆ ಬಗ್ಗಿ ನೋಡಿದ. ಡಾಕ್ಟರ ಸಾಹೇಬರು ಇಳಿದು ಸುತ್ತ ನೋಡಿದರು.

“ನರಸಿಂಗ ಅವ್ರೇ, ಎಲ್ಲದ ನಿಮ್ಮ ಫಾರ್ ಲೂಪು?”

ನರಸಿಂಗ ಬಾಯಿ ತೆರೆಯುವಷ್ಟರಲ್ಲಿ ಸಂತೆಯ ರಸ್ತೆಯ ಕಡೆಯಿಂದ ಧೂಳು ಎದ್ದಿತು. ಧೂಳಿನೊಳಗಿಂದ ಬ್ಯಾ ಎಂಬ ಸದ್ದು ಕೇಳಿತು, ಆಮೇಲೆ ಕೋಲುಗಳು ಕಂಡವು, ಕಂಬಳಿಗಳು ಕಂಡವು. ಎಲ್ಲರ ಮುಂದೆ ಕಾಶೀನಾಥ. ಊರಿನಲ್ಲಿ ದೊಡ್ಡ ಹಿಂಡು ಅವನದು, ದೊಡ್ಡ ಗಂಟಲೂ ಅವನದೇ.

ನಡೆದದ್ದು ಇಷ್ಟು. ಸಂಘದವರು ಧೊಂಡಿಬಾನನ್ನು ಒಬ್ಬನನ್ನೇ ಮಧ್ಯಾಹ್ನದಿಂದ ಸಂಜೆತನಕ ಒಂದೇ ಸಮನೆ ಕರೆದರಂತೆ, ಅವನು ಹಿಂಡು ಹೊಡೆದುಕೊಂಡು ಯಾರಿಗೂ ಹೇಳದೆ ಹೋದನಂತೆ, ಎಂಬುದು ನಿನ್ನೆಯೇ ಹಬ್ಬಿತ್ತು. ಅಷ್ಟು ಸಲ ಕರೆಯಬೇಕಾದರೆ ಕುರಿಗೆ ಇಂತಿಷ್ಟೆಂದು ಸರ್ಕಾರ ಏನೋ ಹಂಚುತ್ತಿದೆ, ಧೊಂಡಿಬಾ ಗುಟ್ಟಾಗಿ ಹೋಗಿ ಮೊದಲ ಪಾಲು ಹೊಡೆಯುತ್ತಿದ್ದಾನೆ ಎಂದು ಎಲ್ಲರೂ ತಿಳಿದರು. ಮುಂಜಾನೆಯ ಲೂಟಿಯ ಸುದ್ದಿ ಇದಕ್ಕೆ ಸಾಕ್ಷಿಯಾಯಿತು. ಯಾರು ಯಾರನ್ನು ಲೂಟಿ ಮಾಡಿದರು ಎಂಬುದನ್ನು ಕೇಳುವಷ್ಟು ಹೊತ್ತು ಯಾರಿಗಿತ್ತು? ಇದ್ದಬಿದ್ದ ಕುರಿಗಳನ್ನೆಲ್ಲ ಹೊಡೆದುಕೊಂಡು ಬಂದುಬಿಟ್ಟರು. ಹೋದ ಸಲ ಆಟೋದ ಮೈಕಿಗೆ ಕಿವಿಗೊಡದವರೂ ಬಂದಿದ್ದರು.

“ಧೊಂಡಿಬಾಗ ಏನ್ ಕೊಟ್ರಿ, ಅದು ನಮಗೂ ಕೊಡ್ರಿ!” ಎಂದು ಕಾಶೀನಾಥ ಗುಡುಗಿದ.

“ಸೂಜಿ ಕೊಡೋದದರಿ...” ಎಂದ ನರಸಿಂಗ ಸಣ್ಣ ದನಿಯಲ್ಲಿ.

“ಹಾಂ, ಅದೇ! ಬಾಯಿಂದ ಬಂತು ನೋಡ್ರಪ್ಪ! ಸೂಜಿ ಕೊಡ್ರಿ ನಮಗ!”

“ಕುರಿಗಳಿಗ್ರಿ.”

“ಕುರಿಗಳಿಗೇ ಕೊಡ್ರಿ! ಅವನ ಕುರಿಗಿ ಎಷ್ಟು ಕೊಟ್ರಿ?”

“ಒಂದಕ್ಕೊಂದೇರಿ.”

“ಸುಳ್ಳು! ಅಷ್ಟು ಸಲ ಕರದು ಒಂದೊಂದೇ ಕೊಡ್ತೀರೇನು? ನಮಗ ಎರಡೆರಡು ಬೇಕು!”

ಎರಡು ಕೊಡಲಾಗುವುದಿಲ್ಲ ಎಂದು ಡಾಕ್ಟರ ಸಾಹೇಬರೇ ಜೀಪಿನ ಮೇಲೆ ನಿಂತು ಕೂಗಿ ಹೇಳಬೇಕಾಯಿತು. ಲಸಿಕೆ ಹಾಕಿಸಲು ಜನ ಜಗಳವಾಡಿದ್ದನ್ನು ಅವರು ತಮ್ಮ ನೌಕರಿಯಲ್ಲಿ ಮೊದಲ ಸಲ ನೋಡುತ್ತಿದ್ದರು. ಬಾಬುಮಿಯಾ ಲೂಟಿಯ ವಿಚಾರಣೆ ಬಿಟ್ಟು ಸಾಲು ಹಚ್ಚಿಸುವ ಕೆಲಸಕ್ಕೆ ನಿಂತ. ಒಂದೊಂದು ಕುರಿಯನ್ನು ಹಿಡಿಯುವುದು, ಚುಚ್ಚುವುದು, ಬಿಡುವುದು. ಕಾಶೀನಾಥ ತನ್ನ ಕೆಲವು ಕುರಿಗಳನ್ನು ಕದ್ದುಮುಚ್ಚಿ ಮತ್ತೆ ಸಾಲಿನ ಹಿಂದೆ ನಿಲ್ಲಿಸಿ ಸಿಕ್ಕಿಬಿದ್ದ.

ಕೆಲಸ ಮುಗಿಯುತ್ತ ಬಂದಾಗ ಸಾಹೇಬರು ನರಸಿಂಗನ ಹೆಗಲ ಮೇಲೆ ಕೈ ಹಾಕಿದರು. “ಭಲೇ! ಒಬ್ಬರೂ ತಪ್ಪಿಸ್ಲಿಲ್ಲ. ಇದು ಹ್ಯಾಂಗ ಮಾಡಿದ್ರಿ, ಜರಾ ಹೇಳ್ರಿ. ಉಳಿದ ಸಂಘದೋರಿಗೂ ಕಲಸೋಣ.”

“ಸಾಹೇಬ್ರ, ಅದರಾಗ ಜಾಗ ಒಂದೇ ಇರ್ತದ್ರಿ. ಹೆಸರು ಬರ್ತಾವ, ಹೋಗ್ತಾವ. ಕೆಲಸದೋರು ತಡಾ ಮಾಡಿ ಬರ್ತಾರ. ಬಂದು ನೋಡಿದ್ರ ಕೊನ್ಯಾವ ಒಬ್ಬನೇ ಕೂತಿರ್ತಾನ. ಅವನಿಗೇ ಎಲ್ಲಾ ಕೊಡ್ತಾರ.”

ಸಾಹೇಬರು ತಲೆದೂಗಿದರು. “ಇದು ನಮ್ಮ ಇಲಾಖಿ ಇದ್ದಾಂಗೇ ಅದಲ್ರಿ,” ಎಂದರು.

ಮಾತು ಸದಸ್ಯರ ಕಿವಿಗೂ ಬಿತ್ತು. ಪಟ್ಟಿಯಲ್ಲಿ ಕೊನೆಯವನಿಗೇ ಎಲ್ಲ ಸಿಗುತ್ತದೆ ಎಂಬಷ್ಟು ಅವರಿಗೆ ಚೆನ್ನಾಗಿ ಅರ್ಥವಾಯಿತು. ತನ್ನ ಹೆಸರನ್ನು ಕೊನೆಗೆ ಹಾಕಬೇಕೆಂದು ಕಾಶೀನಾಥ ಪಟ್ಟು ಹಿಡಿದ. ಅವನ ಬೆನ್ನಿಗೆ ಉಳಿದವರೂ ಹಿಡಿದರು. ಎಲ್ಲರನ್ನೂ ಕೊನೆಗೇ ಹಾಕುತ್ತೇನೆ ಎಂದು ನರಸಿಂಗ ಮಾತು ಕೊಟ್ಟು ಪಾರಾದ.

ಆಗ ಗಂಗುಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರ ಮುಂದೆ ಬಂದು ನಿಂತಳು. “ಎಲ್ಲಾರ ಕುರಿಗೂ ಆಯ್ತು. ನಮ್ಮ ಕುರಿ? ಬ್ಯಾನಿ ಇರೋ ಕಡೀಗೇ ಹೋಗ್ಯಾವಲ್ರಿ ಅವು!”

ಕರೆಸಿಕೊಂಡವನು ಒಬ್ಬನೇ, ತಪ್ಪಿಸಿಕೊಂಡವನೂ ಅವನೊಬ್ಬನೇ. ಗಡಿ ದಾಟಿದರೆ ಅವನ ಹಿಂಡು ಉಳಿಯುವುದು ಕಷ್ಟ. ಸಾಹೇಬರು ಗಡಿಯಾರ ನೋಡಿದರು. ಕಲಸಿದ ಔಷಧಕ್ಕೆ ಇನ್ನು ಸ್ವಲ್ಪವೇ ಹೊತ್ತಿನ ಆಯುಷ್ಯ. ಉಳಿದ ಬಾಟಲಿಗಳು, ಗಂಗುಬಾಯಿ, ನರಸಿಂಗ, ಎಲ್ಲರೂ ಜೀಪಿನೊಳಗೆ ಬಿದ್ದರು. ನರಸಿಂಗ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಧೊಂಡಿಬಾ ಕಮಲನಗರದ ಆಚೆ ಒಂದು ಬೀಳು ಹೊಲದಲ್ಲಿ ಸಿಕ್ಕ. ಹೆಂಡತಿಯ ಅಣ್ಣ ಮನೆಯಲ್ಲಿರಲಿಲ್ಲವಂತೆ. ಇನ್ನು ಗಡಿ ದಾಟುವುದೇ ಸರಿ ಎಂದು ಎದ್ದು ನಿಂತಿದ್ದ. ಸರ್ಕಾರಿ ಜೀಪು ಕಂಡದ್ದೇ ಓಟ ಕಿತ್ತ. ಅವನ ಹಿಂದೆ ಕುರಿಗಳು, ಕುರಿಗಳ ಹಿಂದೆ ನರಸಿಂಗ, ನರಸಿಂಗನ ಹಿಂದೆ ನಾಯಿ. ಇಸ್ತ್ರಿ ಅಂಗಿ ಜಾಲಿಗೆ ಸಿಕ್ಕಿ ಹರಿಯಿತು.

“ನಿಂದ್ರು! ನಾ ಬಂದೇನಿ!” ಎಂದು ಗಂಗುಬಾಯಿ ಕೂಗಿದಳು. ಸರ್ಕಾರಕ್ಕೆ ನಿಲ್ಲದ ಧೊಂಡಿಬಾ ಆ ಧ್ವನಿಗೆ ನಿಂತ.

ನರಸಿಂಗ ಏದುಸಿರು ಬಿಡುತ್ತ ಅವನ ಮುಂದೆ ನಿಂತ. ಲೂಪು, ಜಾಗ, ಕಂಪೈಲರು, ಎಲ್ಲವೂ ನಾಲಿಗೆಯ ತುದಿಗೆ ಬಂದವು. ಗಂಗುಬಾಯಿಯ ಮುಖ ನೋಡಿ ಎಲ್ಲವನ್ನೂ ನುಂಗಿಕೊಂಡ.

“ಧೊಂಡಿಬಾ, ನನ್ನ ತಪ್ಪಾಯ್ತು. ಒಂದ್ ಸಲ ಕರೀಬೇಕಾಗಿತ್ತು. ಅದು ಹ್ಯಾಂಗ ಅಷ್ಟು ಸಲ ಹೋಯ್ತೋ, ಖರೇ ಹೇಳ್ತೇನಿ, ನನಗ ಗೊತ್ತಿಲ್ಲ. ನಿನ್ನ ಕುರಿಗಿ ಸೂಜಿ ಹಾಕೋದಿತ್ತು, ಅಷ್ಟೇ. ಯಾರೂ ಎಳಕೊಂಡು ಹೋಗೋದಿಲ್ಲ.”

ಧೊಂಡಿಬಾ ಸಾಹೇಬರ ಮುಖ ನೋಡಿದ. ಸಾಹೇಬರು ಹೌದೆಂದರು. ಧೊಂಡಿಬಾ ಕೋಲು ಕೆಳಗಿಟ್ಟು, ನಾಯಿಗೆ ಸುಮ್ಮನಿರಲು ಹೇಳಿ, ಮೊದಲ ಕುರಿಯ ಕಾಲು ಹಿಡಿದ. ಔಷಧದ ಹೊತ್ತು ಮೀರುವುದರೊಳಗೆ ಕೊನೆಯ ಕುರಿಗೂ ಸೂಜಿ ಬಿತ್ತು.

ಎಲ್ಲ ಮುಗಿದು ಗಂಗುಬಾಯಿ ಗಂಟಿನಿಂದ ರೊಟ್ಟಿ ಬಿಚ್ಚಿದಳು. ಧೊಂಡಿಬಾ ಪಂಚೆಯ ಗಂಟಿನಿಂದ ಫೋನು ತೆಗೆದು, “ಇದು ಸತ್ತದ, ಎಬ್ಬಸ್ರಿ,” ಎಂದು ಜೀಪಿನ ಚಾಲಕನಿಗೆ ಕೊಟ್ಟ. ಚಾಲಕ ಜೀಪಿನ ವೈರಿಗೆ ಸಿಕ್ಕಿಸಿದ. ಸ್ವಲ್ಪ ಹೊತ್ತಿಗೆ ಫೋನು ಕಣ್ಣು ಬಿಟ್ಟಿತು. ನರಸಿಂಗ ಮೆಲ್ಲಗೆ ಹತ್ತಿರ ಸರಿದ.

“ಧೊಂಡಿಬಾ, ಅವು ಎಲ್ಲಾ ಅಳಿಸಿ ಬಿಡ್ತೇನಿ. ಯಾರರೆ ನೋಡಿದ್ರ ನನ್ನ ಇಜ್ಜತ್ ಹೋಗ್ತದ.”

“ಅಳಸಬ್ಯಾಡ್ರಿ,” ಎಂದ ಧೊಂಡಿಬಾ ತಟ್ಟನೆ.

“ಯಾಕೋ?”

ಧೊಂಡಿಬಾ ರೊಟ್ಟಿ ಮುರಿದು ಬಾಯಿಗಿಟ್ಟುಕೊಳ್ಳದೆ ಹಾಗೇ ಹಿಡಿದುಕೊಂಡ. “ನಮ್ಮ ತಮ್ಮನ ಮಗಳ ಲಗ್ನಕ್ಕ ನನಗ ಹೇಳ್ಲಿಕ್ಕಿ ಮರತಿದ್ರು. ಊರಾಗ ನಾಕು ಮಂದಿ ಕೂಡಿದಲ್ಲಿ ಧೊಂಡಿಬಾ ಬಾ ಅಂತ ಒಬ್ಬರೂ ಅನ್ನೋದಿಲ್ಲ. ಕುರಿ ಹಿಂದಿನ ಮನಷ್ಯಾ ನಾ. ಇಷ್ಟ್ ಸಲ ಯಾರ್ ಕರದಾರ್ರಿ ನನಗ? ಹೆದರಿ ಬರೋಬರ್ ಕೇಳ್ಲೇ ಇಲ್ಲ ನೋಡ್ರಿ. ಈಗ ಒಮ್ಮಿ ಓದ್ರಿ, ಕೇಳ್ತೇನಿ.”

ನರಸಿಂಗ ಕೆಮ್ಮಿ ಗಂಟಲು ಸರಿಮಾಡಿಕೊಂಡು ಓದಿದ. “ಮಾನ್ಯ ಧೊಂಡಿಬಾ ಅವರೇ, ನಾಳೆ ಮುಂಜಾನೆ ತಾವು ತಮ್ಮ ಸಮಸ್ತ ಕುರಿಗಳ ಸಮೇತ...” ಕೊನೆಯ ತನಕ ಓದಿ ಮುಗಿಸಿ ಫೋನು ಚಾಚಿದ. ಧೊಂಡಿಬಾ ಇಸಿದುಕೊಳ್ಳಲಿಲ್ಲ.

“ಮುಂದಿಂದು ಓದ್ರಿ.”

“ಮುಂದಿಂದೂ ಅದೇ ಅದಪ್ಪ.”

“ಇರ್ಲಿ ತಗೋರಿ. ಓದ್ರಿ.”

ನರಸಿಂಗ ಸಾಹೇಬರ ಕಡೆ ನೋಡಿದ. ಸಾಹೇಬರು ಗಂಗುಬಾಯಿ ಕೊಟ್ಟ ರೊಟ್ಟಿಗೆ ಖಾರ ಹಚ್ಚಿಕೊಳ್ಳುತ್ತ ಆಗಲೇ ನೆರಳಲ್ಲಿ ಕಾಲು ಚಾಚಿದ್ದರು. ನರಸಿಂಗ ಎರಡನೆಯದನ್ನು ಓದಿದ. ಆಮೇಲೆ ಮೂರನೆಯದನ್ನು. ಕುರಿಗಳು ಸುತ್ತಲೂ ಬಂದು ಮಲಗಿದವು. ಅವನು ಹರಿದ ಅಂಗಿಯ ತೋಳಿನಿಂದ ಬೆವರು ಒರೆಸಿಕೊಂಡು ಮತ್ತೊಂದನ್ನು ಶುರುಮಾಡಿದ.

ಧೊಂಡಿಬಾ ಕೈ ಎತ್ತಿ ಅವನನ್ನು ತಡೆದು, ಗಂಗುಬಾಯಿಯ ಕಡೆ ನೋಡಿದ.

“ಆ ‘ಮಾನ್ಯ’ ಅನ್ನೋದದಲ್ರಿ, ಅದು ಜರಾ ಜೋರಾಗಿ ಅನ್ರಿ. ಆಕೀಗೂ ಕೇಳಲಿ.”